ಜಾಸ್ತಿ ದಿನ ಬದುಕುವ ಅಪಾಯ

ಮೂರು ನಿಮಿಷ. ಪಿಂಚಣಿ ನಿಧಿಯ ಬೋರ್ಡ್ ಮೀಟಿಂಗಿನಲ್ಲಿ ಪಿಂಚಣಿದಾರರಿಗೆ ಮಾತಾಡಲು ಸಿಗುವುದು ಹೆಚ್ಚುಕಡಿಮೆ ಇಷ್ಟೇ. ಮೈಕಿನ ಪಕ್ಕ ಒಂದು ಪುಟ್ಟ ದೀಪ ಇರುತ್ತದೆ. ಹಸಿರು ಅಂದರೆ ಮಾತಾಡಿ. ಹಳದಿ ಅಂದರೆ ಬೇಗ ಮುಗಿಸಿ. ಕೆಂಪು ಅಂದರೆ ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ, ಮುಂದಿನವರು ಬನ್ನಿ.

ಈಗ ಆ ಮೈಕಿನ ಮುಂದೆ ಒಬ್ಬ ನಿವೃತ್ತ ಟೀಚರನ್ನು ನಿಲ್ಲಿಸೋಣ. ಇವರು ನನ್ನ ಕಲ್ಪನೆಯವರು, ಹೆಸರು ಕೇಳಬೇಡಿ. ವಯಸ್ಸು 78. ಮೂವತ್ತೈದು ವರ್ಷ ವಿಜ್ಞಾನ ಪಾಠ ಮಾಡಿದವರು. ಮೈಕು ಹಿಂದಿನವರ ಎತ್ತರಕ್ಕೆ ನಿಂತಿದೆ. ಅದರ ಕತ್ತು ಬಗ್ಗಿಸಲು ಹನ್ನೊಂದು ಸೆಕೆಂಡು ಹೋಯಿತು. ಬ್ಯಾಗಿನಿಂದ ಕನ್ನಡಕ ತೆಗೆಯಲು ಇನ್ನೊಂಬತ್ತು. ನಾಲ್ಕು ಮಡಿಕೆಯ ಚೀಟಿ ಬಿಡಿಸಲು ಆರು. ದೀಪ ಕಾಯುವುದಿಲ್ಲ. ಪರೀಕ್ಷೆ ಹಾಲಿನಲ್ಲಿ 'ಇನ್ನು ಹತ್ತೇ ನಿಮಿಷ' ಅಂತ ಎಷ್ಟೋ ಮಕ್ಕಳ ಎದೆ ನಡುಗಿಸಿದವರಿಗೆ ಈಗ ಅವರದೇ ಎದೆ ಹೊಡೆದುಕೊಳ್ಳುತ್ತಿದೆ.

ಅವರು ಕೇಳುವುದು ಇಷ್ಟೇ. "ಇದು ನಾನು ದುಡಿದ ದುಡ್ಡು. ಇದನ್ನು ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಕಂಪನಿಗಳಲ್ಲಿ ಹಾಕಿದ್ದೀರಿ. ಆ ಷೇರು ಮಾರಿ ಹೊರಗೆ ಬನ್ನಿ. ನನ್ನ ಮೊಮ್ಮಕ್ಕಳ ಕಾಲಕ್ಕೆ ನನ್ನ ದುಡ್ಡಿನಿಂದಲೇ ಬೆಂಕಿ ಬೀಳೋದು ಬೇಡ."

ಅಧ್ಯಕ್ಷರು ಮುಗುಳ್ನಗುತ್ತಾರೆ. "ಮೇಡಂ, ನಿಮ್ಮ ಕಳಕಳಿ ಅರ್ಥವಾಗುತ್ತೆ. ಆದರೆ ನಾವು ಲಾಂಗ್ ಟರ್ಮ್ ಯೋಚನೆ ಮಾಡುವವರು."

ಇಲ್ಲಿ ಸ್ವಲ್ಪ ನಿಲ್ಲಿ. ಈ ಮಾತು ಯಾರು ಯಾರಿಗೆ ಹೇಳಿದರು ಅಂತ ನೋಡಿ. ಟೀಚರು ಚಿಂತೆ ಮಾಡುತ್ತಿರುವುದು 2050ರ ಬಗ್ಗೆ. ಅಷ್ಟೊತ್ತಿಗೆ ಅವರಿಗೆ ನೂರು ದಾಟಿರುತ್ತದೆ. ಷೇರು ನೋಡಿಕೊಳ್ಳುವ ನಲವತ್ತರ ಹುಡುಗ ಚಿಂತೆ ಮಾಡುತ್ತಿರುವುದು ಮುಂದಿನ ಮೂರು ತಿಂಗಳ ರಿಸಲ್ಟಿನ ಬಗ್ಗೆ. ಅವನ ಬೋನಸ್ಸು ಇರುವುದು ಅಲ್ಲಿ. ಸಾಯುವ ವಯಸ್ಸಿನವರಿಗೆ ಮುಂದಿನ ಇಪ್ಪತ್ತೈದು ವರ್ಷದ ಚಿಂತೆ, ಬಾಳಿ ಬದುಕಬೇಕಾದವನಿಗೆ ಮುಂದಿನ ಮೂರು ತಿಂಗಳ ಚಿಂತೆ. ಇದರಲ್ಲಿ 'ದೂರದೃಷ್ಟಿ ಇಲ್ಲದವರು' ಅನ್ನಿಸಿಕೊಂಡವರು ಮಾತ್ರ ಟೀಚರು!

ಈ ರೋಗ ಹೊಸದೇನಲ್ಲ. 2015ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಗಿದ್ದ ಮಾರ್ಕ್ ಕಾರ್ನಿ ಇದಕ್ಕೊಂದು ಹೆಸರನ್ನೇ ಇಟ್ಟರು: 'ಟ್ರ್ಯಾಜೆಡಿ ಆಫ್ ದಿ ಹೊರೈಜನ್', ದಿಗಂತದ ದುರಂತ. ಹವಾಮಾನದ ಪೆಟ್ಟು ಬೀಳುವುದು ಹಣಕಾಸಿನವರ ಕಣ್ಣು ಹೋಗುವಷ್ಟು ದೂರದ ಆಚೆ, ಹಾಗಾಗಿ ಇವತ್ತು ಅದನ್ನು ಸರಿಮಾಡಲು ಯಾರಿಗೂ ಅವಸರ ಇಲ್ಲ ಅಂತ ಹೇಳಿದರು. ಸಭಿಕರು ಹಣಕಾಸಿನವರೇ. ಕೇಳಿಸಿಕೊಂಡರು. ಆಮೇಲೆ ಎದ್ದು ಹೋಗಿ ಆ ತ್ರೈಮಾಸಿಕದ ಲೆಕ್ಕ ನೋಡಿದರು ಅಂತ ಕಾಣುತ್ತದೆ.

ಲಾಂಗ್ ಟರ್ಮ್ ಮಂತ್ರ ಫಲಿಸದಿದ್ದರೆ ಫಂಡಿನವರ ಹತ್ತಿರ ಇನ್ನೊಂದಿದೆ. ಅದು ಎಂಗೇಜ್‌ಮೆಂಟ್. ಈ ಪದ ಕೇಳಿದರೆ ನಮಗೆ ನೆನಪಾಗುವುದು ಉಂಗುರ. ಅವರ ಭಾಷೆಯಲ್ಲಿ ಅರ್ಥ ಬೇರೆ. ಷೇರು ಇಟ್ಟುಕೊಂಡು, ಒಳಗೇ ಕೂತು, ಕಂಪನಿಗೆ ಬುದ್ಧಿ ಹೇಳುವುದಂತೆ. ಮಾರಿಬಿಟ್ಟರೆ ಬುದ್ಧಿ ಹೇಳುವ ಹಕ್ಕೇ ಹೋಗುತ್ತದೆ, ನಾವು ಮಾರಿದ ಷೇರನ್ನು ಕಾಳಜಿಯೇ ಇಲ್ಲದ ಇನ್ಯಾರೋ ಕೊಳ್ಳುತ್ತಾರೆ ಎನ್ನುವುದು ವಾದ. ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ವರ್ಷಗಟ್ಟಲೆ ನೋಡಿದರೆ ಇದು ನಮ್ಮ ಉಂಗುರದ ಅರ್ಥಕ್ಕೇ ಬಂದು ನಿಂತಹಾಗಿದೆ. ನಿಶ್ಚಯ ಆಗಿ ಎಷ್ಟೋ ಕಾಲ ಆಯಿತು. ಪ್ರತಿವರ್ಷ ಗಂಡಿನ ಕಡೆಯವರು 'ಮುಂದಿನ ವರ್ಷ ಖಂಡಿತ' ಅನ್ನುತ್ತಾರೆ. ಹೆಣ್ಣಿನ ಕಡೆಯವರು ಮನೆಗೆ ಬಂದು 'ಮಾತುಕತೆ ಬಹಳ ಚೆನ್ನಾಗಿ ನಡೆಯಿತು' ಅಂತ ಬಣ್ಣದ ವರದಿ ಅಚ್ಚು ಹಾಕಿಸುತ್ತಾರೆ.

ಈ ಕೆಲಸದಲ್ಲಿ ನಿಜವಾದ ಪರಿಣತಿ ಯಾರಿಗಿರಬೇಕು ಹೇಳಿ? ಚರ್ಚಿಗೆ. ದಾರಿ ತಪ್ಪಿದವರನ್ನು ದಾರಿಗೆ ತರುವುದೇ ಅವರ ಕಸುಬು, ಶತಮಾನಗಳ ಅನುಭವ. ಚರ್ಚ್ ಆಫ್ ಇಂಗ್ಲೆಂಡಿನ ಪಾದ್ರಿಗಳ ಪಿಂಚಣಿ ನೋಡಿಕೊಳ್ಳುವ ಮಂಡಳಿ ಶೆಲ್ ಕಂಪನಿಗೆ ವರ್ಷಗಳ ಕಾಲ ತಾಳ್ಮೆಯಿಂದ ಉಪದೇಶ ಮಾಡಿತು. 2023ರ ಜೂನ್‌ನಲ್ಲಿ ಕೈಚೆಲ್ಲಿತು. ಶೆಲ್ ಸೇರಿದಂತೆ ತೈಲ ಕಂಪನಿಗಳ ಷೇರು ಮಾರಿ ಹೊರಗೆ ಬರುತ್ತೇವೆ ಅಂದಿತು. ಕೊನೆಯುಸಿರಿನವರೆಗೂ ಪಾಪಿಯ ಮೇಲೆ ಆಸೆ ಬಿಡದವರೇ ಆಸೆ ಬಿಟ್ಟರೆ, ಉಳಿದವರು ಯಾವ ಭರವಸೆಯ ಮೇಲೆ ಕೂತಿದ್ದಾರೋ ಗೊತ್ತಿಲ್ಲ.

ಅಮೆರಿಕದ ಕತೆ ಇನ್ನೂ ಚೆನ್ನ. 2021ರ ಮೇ ತಿಂಗಳಲ್ಲಿ ಎಂಜಿನ್ ನಂಬರ್ 1 ಎಂಬ ಪುಟ್ಟ ಹೂಡಿಕೆ ಸಂಸ್ಥೆ, ಕೈಯಲ್ಲಿ ಎಕ್ಸಾನ್ ಮೊಬಿಲ್‌ನ ಶೇಕಡಾ 0.02ರಷ್ಟು ಷೇರು ಇಟ್ಟುಕೊಂಡು, ಕ್ಯಾಲಿಫೋರ್ನಿಯಾ ಶಿಕ್ಷಕರ ಪಿಂಚಣಿ ನಿಧಿಯಂಥ ದೊಡ್ಡವರ ಬೆಂಬಲ ಪಡೆದು, ಎಕ್ಸಾನ್ ಬೋರ್ಡಿನಲ್ಲಿ ಮೂರು ಕುರ್ಚಿ ಗೆದ್ದಿತು. ಎಂಗೇಜ್‌ಮೆಂಟ್ ಅಂದರೆ ಇದು ಅಂತ ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಎರಡು ವರ್ಷ ಬಿಟ್ಟು, 2023ರ ಅಕ್ಟೋಬರ್‌ನಲ್ಲಿ, ಎಕ್ಸಾನ್ ಸುಮಾರು 60 ಬಿಲಿಯನ್ ಡಾಲರಿಗೆ ಪಯೋನಿಯರ್ ಎಂಬ ಇನ್ನೊಂದು ತೈಲ ಕಂಪನಿಯನ್ನೇ ಕೊಂಡುಕೊಳ್ಳುತ್ತೇನೆ ಅಂತ ಪ್ರಕಟಿಸಿತು. ಕುಡಿತ ಬಿಡು ಅಂತ ಬುದ್ಧಿ ಹೇಳಲು ಮೂವರನ್ನು ಮನೆಯಲ್ಲಿ ಕೂರಿಸಿದರೆ, ಅವನು ಪಕ್ಕದ ಬಾರನ್ನೇ ಖರೀದಿ ಮಾಡಿದ ಹಾಗೆ.

ಕತೆ ಅಲ್ಲಿಗೂ ಮುಗಿಯಲಿಲ್ಲ. ಹೊಗೆ ಕಡಿಮೆ ಮಾಡಿ ಅಂತ ಎರಡು ಸಣ್ಣ ಷೇರುದಾರ ಗುಂಪುಗಳು ವಾರ್ಷಿಕ ಸಭೆಗೆ ನಿರ್ಣಯ ಸಲ್ಲಿಸಿದವು. ಬುದ್ಧಿ ಹೇಳಲು ಇರುವ ದಾರಿಯೇ ಅದು. ಎಕ್ಸಾನ್ 2024ರ ಜನವರಿಯಲ್ಲಿ ಆ ಷೇರುದಾರರ ಮೇಲೆ ಕೋರ್ಟಿನಲ್ಲಿ ಕೇಸು ಹಾಕಿತು. ಅವರು ಹೆದರಿ ನಿರ್ಣಯ ವಾಪಸ್ ತೆಗೆದುಕೊಂಡರು. ಆಮೇಲೂ ಕೇಸು ಬಿಡಲಿಲ್ಲ! ಇದರಿಂದ ಸಿಟ್ಟಾದ ಕ್ಯಾಲಿಫೋರ್ನಿಯಾ ಸರ್ಕಾರಿ ನೌಕರರ ಪಿಂಚಣಿ ನಿಧಿ ಆ ವರ್ಷದ ಮೇ ತಿಂಗಳಲ್ಲಿ ಎಕ್ಸಾನ್‌ನ ಎಲ್ಲ ನಿರ್ದೇಶಕರ ವಿರುದ್ಧ ಮತ ಹಾಕಿತು. ಎಲ್ಲ ನಿರ್ದೇಶಕರೂ ಆರಾಮಾಗಿ ಗೆದ್ದರು. ನಿಧಿ ಷೇರನ್ನು ಮಾತ್ರ ಮಾರಲಿಲ್ಲ. ಮಾರಿದರೆ ಮುಂದಿನ ವರ್ಷ ಸೋಲಲು ಮತ ಎಲ್ಲಿಂದ ತರುವುದು?

ಆಯಿತು, ಇನ್ನು ಕರ್ತವ್ಯದ ಮಾತಿಗೆ ಬರೋಣ. ನಿಧಿ ನೋಡಿಕೊಳ್ಳುವ ಟ್ರಸ್ಟಿಗಳ ಧರ್ಮ ಸದಸ್ಯರ ಹಿತ ಕಾಯುವುದು, ಭಾವನೆಗೆ ಬಿದ್ದು ಲಾಭ ಬಿಟ್ಟುಕೊಡುವ ಹಾಗಿಲ್ಲ. ಸರಿಯೇ. 'ನಿಮ್ಮ ಒಳ್ಳೆಯದಕ್ಕೇ ನಿಮ್ಮ ಮಾತು ಕೇಳುತ್ತಿಲ್ಲ' ಅಂತ ಇದರ ತಾತ್ಪರ್ಯ. ಹಾಗಾದರೆ ಲಾಭದ ಲೆಕ್ಕವನ್ನೇ ನೋಡಿ. 2016ರ ಏಪ್ರಿಲ್‌ನಲ್ಲಿ ಅಮೆರಿಕದ ಕಲ್ಲಿದ್ದಲು ದೈತ್ಯ ಪೀಬಾಡಿ ದಿವಾಳಿ ಅರ್ಜಿ ಹಾಕಿತು. 1928ರಿಂದ ಅಮೆರಿಕದ ಷೇರುಪೇಟೆಯ ಡೌ ಜೋನ್ಸ್ ಸೂಚ್ಯಂಕದಲ್ಲಿ ಗಟ್ಟಿಯಾಗಿ ಕೂತಿದ್ದ ಎಕ್ಸಾನ್ 2020ರ ಆಗಸ್ಟಿನಲ್ಲಿ ಅಲ್ಲಿಂದ ಹೊರಬಿತ್ತು. ಅದೇ ವರ್ಷದ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದೆ ಬೆಲೆ ಬ್ಯಾರೆಲ್ಲಿಗೆ ಮೈನಸ್ 37.63 ಡಾಲರ್ ಮುಟ್ಟಿತು. ಮೈನಸ್! ಅಂದರೆ ಎಣ್ಣೆಯನ್ನು ನೀನೇ ತಗೊಂಡು ಹೋಗಪ್ಪ, ಮೇಲೆ ದುಡ್ಡೂ ಕೊಡುತ್ತೇನೆ ಅನ್ನುವ ಸ್ಥಿತಿ. ಭಾವನೆಗೆ ಬೀಳದ, ಲೆಕ್ಕ ಮಾತ್ರ ನೋಡುವ ತಜ್ಞರ ಕಣ್ಣೆದುರೇ ಇದೆಲ್ಲ ನಡೆಯಿತು.

ಪ್ರಾಮಾಣಿಕವಾಗಿ ಇನ್ನೊಂದನ್ನೂ ಹೇಳಬೇಕು. 2022ರಲ್ಲಿ ಯುಕ್ರೇನ್ ಮೇಲೆ ಯುದ್ಧ ಶುರುವಾಗಿ ಎಣ್ಣೆ ಬೆಲೆ ಏರಿತು. ಎಕ್ಸಾನ್ ಆ ವರ್ಷ 55 ಬಿಲಿಯನ್ ಡಾಲರಿಗೂ ಜಾಸ್ತಿ ಲಾಭ ಮಾಡಿತು. ಷೇರು ಮಾರಿದ್ದವರು ಕೈ ಕೈ ಹಿಸುಕಿಕೊಂಡರು, ಇಟ್ಟುಕೊಂಡವರು ಮೀಸೆ ತಿರುವಿದರು. ಅಂದರೆ ಲಾಭ ಬರಬೇಕಾದರೆ ಎಲ್ಲೋ ಒಂದು ಕಡೆ ಯುದ್ಧ ಆಗುತ್ತಿರಬೇಕು. ಇದನ್ನೂ ಲಾಂಗ್ ಟರ್ಮ್ ಯೋಜನೆಯಲ್ಲಿ ಬರೆದುಕೊಂಡಿದ್ದಾರೋ ಏನೋ.

ಟೀಚರಿಗೆ ಹೊರಗಿನಿಂದಲೂ ಒಂದಿಷ್ಟು ಸಹಾಯ ಬಂತು. ಕ್ಯಾಲಿಫೋರ್ನಿಯಾದಲ್ಲಿ ಎರಡು ದೊಡ್ಡ ಪಿಂಚಣಿ ನಿಧಿಗಳು ತೈಲ, ಅನಿಲ ಕಂಪನಿಗಳಿಂದ ಹೊರಬರಲೇಬೇಕು ಅಂತ ಮಸೂದೆ ತಂದರು. 2023ರಲ್ಲಿ ಸೆನೆಟ್‌ನಲ್ಲಿ ಪಾಸಾಯಿತು. ನಿಧಿಗಳೇ ವಿರೋಧಿಸಿದವು. ಕೆಳಮನೆಯಲ್ಲಿ ಗಾಡಿ ಕೆಸರಿನಲ್ಲಿ ಹೂತುಹೋಯಿತು. ಅಮೆರಿಕದ್ದೇ ಮೇನ್ ರಾಜ್ಯ 2021ರಲ್ಲೇ ಇಂಥ ಕಾನೂನು ಮಾಡಿತ್ತು. ಆದರೆ ಅದರಲ್ಲಿ ಒಂದು ಕಿಂಡಿ: 'ಟ್ರಸ್ಟಿಗಳ ಕರ್ತವ್ಯಕ್ಕೆ ಹೊಂದುವಂತೆ'. ಅಷ್ಟು ಕಿಂಡಿ ಸಾಕು, ಅದರಲ್ಲಿ ಇಡೀ ತೈಲದ ಟ್ಯಾಂಕರನ್ನೇ ಓಡಿಸಬಹುದು.

ಆದರೆ ಬಹುಮಾನ ಕೊಡುವುದಾದರೆ ಟೆಕ್ಸಾಸಿಗೇ ಕೊಡಬೇಕು. ಷೇರು ಮಾರುವುದರಿಂದ ಎಣ್ಣೆ ಕಂಪನಿಗೆ ಕೂದಲೂ ಕೊಂಕುವುದಿಲ್ಲ, ಅದು ಬರೀ ತೋರಿಕೆ ಅಂತ ಎಣ್ಣೆಯ ಪರ ಇರುವವರು ಹೇಳುತ್ತಲೇ ಇರುತ್ತಾರಲ್ಲ? ಅಂಥ ಮಾತು ನಡೆಯುವ ರಾಜ್ಯ 2021ರಲ್ಲಿ ಒಂದು ಕಾನೂನು ತಂದಿತು. ಎಣ್ಣೆ ಕಂಪನಿಗಳಿಂದ ದೂರ ಸರಿಯುವ ಹಣಕಾಸು ಸಂಸ್ಥೆಗಳಿಂದ ರಾಜ್ಯದ ಪಿಂಚಣಿ ನಿಧಿಗಳು ಹಣ ವಾಪಸ್ ತೆಗೆಯಬೇಕಂತೆ! 2024ರ ಮಾರ್ಚಿನಲ್ಲಿ ಅಲ್ಲಿನ ಶಾಲಾ ನಿಧಿ ಬ್ಲ್ಯಾಕ್‌ರಾಕ್ ಎಂಬ ದೊಡ್ಡ ಹೂಡಿಕೆ ಸಂಸ್ಥೆಯಿಂದ ಸುಮಾರು 8.5 ಬಿಲಿಯನ್ ಡಾಲರ್ ಹಿಂದಕ್ಕೆ ತೆಗೆಯುತ್ತೇವೆ ಅಂದಿತು. ಹಣ ಹಿಂತೆಗೆದರೆ ಏನೂ ಆಗುವುದಿಲ್ಲ ಎನ್ನುವವರು, ಹಣ ಹಿಂತೆಗೆದವರಿಗೆ ಪಾಠ ಕಲಿಸಲು ಆರಿಸಿಕೊಂಡ ಅಸ್ತ್ರ ಯಾವುದು? ಹಣ ಹಿಂತೆಗೆಯುವುದು. ಟೀಚರು ಇಷ್ಟು ದಿನ ಅರ್ಥ ಮಾಡಿಸಲು ಒದ್ದಾಡಿದ್ದನ್ನು ಇವರು ಒಂದೇ ಏಟಿಗೆ ಒಪ್ಪಿಕೊಂಡುಬಿಟ್ಟರು.

ಸಭ್ಯತೆಯಲ್ಲಿ ಹೆಸರು ಮಾಡಿದ ನಾರ್ವೆ ಏನು ಕಡಿಮೆ? ಅಲ್ಲಿನ ಸರ್ಕಾರಿ ಪಿಂಚಣಿ ನಿಧಿ ಲೋಕದಲ್ಲೇ ಅತಿ ದೊಡ್ಡ ನಿಧಿಗಳಲ್ಲಿ ಒಂದು. ಅದು ಬೆಳೆದದ್ದು ಸಮುದ್ರದಿಂದ ತೆಗೆದ ಎಣ್ಣೆಯ ದುಡ್ಡಿನಲ್ಲಿ. 2019ರಲ್ಲಿ ಆ ನಿಧಿ ಎಣ್ಣೆ ಹುಡುಕಿ ತೆಗೆಯುವುದನ್ನೇ ಕಸುಬಾಗಿಸಿಕೊಂಡ ಕಂಪನಿಗಳ ಷೇರು ಮಾರಲು ಪಾರ್ಲಿಮೆಂಟ್ ಒಪ್ಪಿತು. ಕಾರಣ ಭೂಮಿಯ ಬಿಸಿ ಅಲ್ಲ. ದೇಶದ ಆದಾಯವೂ ಎಣ್ಣೆ, ಉಳಿತಾಯವೂ ಎಣ್ಣೆ ಆದರೆ ಬೆಲೆ ಬಿದ್ದಾಗ ಎರಡು ಕಡೆ ಏಟು, ಅದಕ್ಕೆ. ಶೆಲ್, ಬಿಪಿ, ಎಕ್ಸಾನ್‌ನಂಥ ದೊಡ್ಡವರನ್ನು ಮಾತ್ರ ಇಟ್ಟುಕೊಂಡರು, ಅವರು ಗಾಳಿ, ಬಿಸಿಲಿನ ವಿದ್ಯುತ್ತಿಗೂ ದುಡ್ಡು ಹಾಕುತ್ತಾರಲ್ಲ ಅಂತ. ಸಮುದ್ರದಲ್ಲಿ ಕೊರೆಯುವುದೂ ನಿಂತಿಲ್ಲ. ಎಣ್ಣೆ ತೆಗೆಯಿರಿ, ಮಾರಿರಿ, ಬಂದ ದುಡ್ಡಿನಲ್ಲಿ ಎಣ್ಣೆ ಷೇರು ಮಾತ್ರ ಕೊಳ್ಳಬೇಡಿ, ಎಣ್ಣೆ ಬಹಳ ರಿಸ್ಕು! ಸರಾಯಿ ಅಂಗಡಿಯವನು ತನ್ನ ಮಗನಿಗೆ ಹೇಳುವ ಬುದ್ಧಿ ಇದೇ ಅಲ್ವಾ? 2014ರಲ್ಲಿ ರಾಕ್‌ಫೆಲ್ಲರ್ ಬ್ರದರ್ಸ್ ಫಂಡ್ ಕೂಡ ಪಳೆಯುಳಿಕೆ ಇಂಧನದಿಂದ ಹೊರಬರುತ್ತೇವೆ ಅಂತ ಘೋಷಿಸಿತ್ತು. ಸ್ಟ್ಯಾಂಡರ್ಡ್ ಆಯಿಲ್ ಕಟ್ಟಿದ ಮನೆತನ ಅದು. ಎಣ್ಣೆಯ ಮೂಲಪುರುಷನ ವಂಶದವರೇ ಬಾಗಿಲು ತೆಗೆದು ಹೊರಗೆ ನಡೆದಿದ್ದಾರೆ, ನಮ್ಮ ಟೀಚರ ಫಂಡು ಒಳಗೆ ಕೂತು ಚಾಪೆ ಹಾಸುತ್ತಿದೆ.

ಹಾಗಂತ ಹೊರಬರುವುದು ಆಗದ ಕೆಲಸವೇನಲ್ಲ. ನೆದರ್ಲೆಂಡ್ಸಿನ ಎಬಿಪಿ, ಅಲ್ಲಿನ ಸರ್ಕಾರಿ ನೌಕರರ ಮತ್ತು ಶಿಕ್ಷಕರ ನಿಧಿ, 2021ರ ಅಕ್ಟೋಬರ್‌ನಲ್ಲಿ ಕಲ್ಲಿದ್ದಲು, ತೈಲ, ಅನಿಲ ಉತ್ಪಾದಕರಲ್ಲಿ ಹೂಡುವುದನ್ನು ನಿಲ್ಲಿಸುತ್ತೇವೆ ಅಂದಿತು. 15 ಬಿಲಿಯನ್ ಯೂರೋಗೂ ಜಾಸ್ತಿ ಮೊತ್ತ. ಸದಸ್ಯರ ಒತ್ತಾಯವೂ ಕಾರಣ ಅಂತ ಒಪ್ಪಿಕೊಂಡಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಮತ್ತೆ ಮೀಟಿಂಗಿಗೆ ಬನ್ನಿ, ಟೀಚರ ಮುಂದೆ ಈಗ ಹಳದಿ ದೀಪ. ಅಷ್ಟರಲ್ಲಿ ಫಂಡಿನವರು ಕೊನೆಯ ಮಂತ್ರ ತೆಗೆದರು. ದಪ್ಪ ಕಾಗದದ ವರದಿ. ಮುಖಪುಟದಲ್ಲಿ ಗಾಳಿಯಂತ್ರ, ಅದರ ಕೆಳಗೆ ನಗುವ ಮಗು. ಒಳಗೆ 'ನೆಟ್ ಝೀರೋ 2050', ಅಂದರೆ 2050ರೊಳಗೆ ಹೊಗೆಯ ಲೆಕ್ಕ ಒಟ್ಟಾರೆ ಸೊನ್ನೆಗೆ ತರುತ್ತೇವೆ ಅನ್ನುವ ಮಾತು. ಎಲ್ಲರೂ ಇದೇ ವರ್ಷವನ್ನು ಯಾಕೆ ಆರಿಸಿಕೊಂಡರು ಅಂತ ನನಗೆ ಬಹಳ ದಿನ ಕುತೂಹಲ ಇತ್ತು. ವಿಜ್ಞಾನದ ಲೆಕ್ಕ ಇದೆ, ಒಪ್ಪುತ್ತೇನೆ. ಅದರ ಜೊತೆ ಇನ್ನೊಂದು ಅನುಕೂಲವೂ ಇದೆ. ಇವತ್ತು ಸಹಿ ಹಾಕಿದ ಯಾರೂ ಅವತ್ತು ಆ ಕುರ್ಚಿಯಲ್ಲಿ ಇರುವುದಿಲ್ಲ. ಬಿಪಿ ಕಂಪನಿ 2020ರಲ್ಲಿ, 2030ರೊಳಗೆ ಎಣ್ಣೆ ಮತ್ತು ಅನಿಲ ಉತ್ಪಾದನೆ ಶೇಕಡಾ 40 ಇಳಿಸುತ್ತೇನೆ ಅಂದಿತು. 2023ರಲ್ಲಿ ಅದು 25 ಆಯಿತು. 2025ರಲ್ಲಿ ಆ ಗುರಿಯನ್ನೇ ಕೈಬಿಟ್ಟು ಎಣ್ಣೆಗೆ ಹಾಕುವ ದುಡ್ಡು ಜಾಸ್ತಿ ಮಾಡುತ್ತೇನೆ ಅಂದಿತು. ಹತ್ತು ವರ್ಷದ ಮಾತು ಐದೇ ವರ್ಷಕ್ಕೆ ಮುರುಟಿಹೋದರೆ, ಮೂವತ್ತು ವರ್ಷದ ಮಾತನ್ನು ಯಾವ ನೆರಳಿನಲ್ಲಿ ಇಟ್ಟು ಕಾಪಾಡುತ್ತಾರೆ?

ಹಾಗೆಂದು ಈ ಬೇಡಿಕೆ ಇಡುವ ನಮ್ಮ ಹಿರಿಯರೇನು ಪೂರ್ತಿ ಪರಿಶುದ್ಧರಲ್ಲ. ಸಭೆಗೆ ನಾಲ್ಕು ಜನ ನಾಲ್ಕು ಕಾರಿನಲ್ಲಿ ಬರುತ್ತಾರೆ. ಮನವಿ ಪತ್ರದಲ್ಲಿ 'ಆಗ್ರಹಿಸುತ್ತೇವೆ' ಇರಬೇಕೋ 'ವಿನಂತಿಸುತ್ತೇವೆ' ಇರಬೇಕೋ ಅಂತ ಒಂದೂವರೆ ತಾಸು ಜಗಳ ಆಡುತ್ತಾರೆ. ಎಣ್ಣೆ ಷೇರು ಮಾರಿ ಅಂದ ಉಸಿರಿನಲ್ಲೇ ಪಿಂಚಣಿ ಒಂದು ಪೈಸೆ ಇಳಿಯಬಾರದು ಅನ್ನುತ್ತಾರೆ. ಆದರೆ ಹಟ ನೋಡಿ. 2023ರ ಮಾರ್ಚ್ 21ರಂದು ಅಮೆರಿಕದಲ್ಲಿ ಅರವತ್ತು ದಾಟಿದವರ ಥರ್ಡ್ ಆ್ಯಕ್ಟ್ ಸಂಘಟನೆಯವರು ದೊಡ್ಡ ಬ್ಯಾಂಕುಗಳ ಮುಂದೆ ತೂಗುಕುರ್ಚಿ ತಂದಿಟ್ಟು ಕೂತರು. ಎಣ್ಣೆ ಕಂಪನಿಗಳಿಗೆ ಸಾಲ ಕೊಡಬೇಡಿ ಅಂತ ಧರಣಿ. ಮುಷ್ಟಿ ಎತ್ತಿ ಕೂಗಲು ಭುಜ ನೋವು, ಓಡಲು ಮಂಡಿ ನೋವು. ಹಾಗಾಗಿ ತೂಗಿಕೊಂಡರು. ಕೂತಲ್ಲೇ ತೂಗುವವರನ್ನು ಎಬ್ಬಿಸುವುದು ಹೇಗೆ ಅಂತ ಯಾವ ಸೆಕ್ಯುರಿಟಿ ಗಾರ್ಡಿಗೆ ತರಬೇತಿ ಕೊಟ್ಟಿರುತ್ತಾರೆ?

ಸ್ವಿಟ್ಜರ್ಲೆಂಡಿನ ಅಜ್ಜಿಯರು ಇನ್ನೂ ಮುಂದೆ ಹೋದರು. ಎರಡು ಸಾವಿರಕ್ಕೂ ಹೆಚ್ಚು ಹಿರಿಯ ಮಹಿಳೆಯರ ಸಂಘ ಯುರೋಪಿನ ಮಾನವ ಹಕ್ಕುಗಳ ಕೋರ್ಟಿಗೆ ಹೋಗಿ, ಬಿಸಿಗಾಳಿ ನಮ್ಮ ವಯಸ್ಸಿನವರನ್ನೇ ಮೊದಲು ಹೊಡೆಯುತ್ತದೆ, ಸರ್ಕಾರ ಸುಮ್ಮನಿದೆ ಅಂತ ವಾದಿಸಿತು. 2024ರ ಏಪ್ರಿಲ್ 9ರಂದು ಗೆದ್ದಿತು. ಜೂನ್‌ನಲ್ಲಿ ಅಲ್ಲಿನ ಪಾರ್ಲಿಮೆಂಟು, ನಾವು ಮಾಡಬೇಕಾದ್ದನ್ನೆಲ್ಲ ಮಾಡಿದ್ದೇವೆ ಅಂತ ಹೇಳಿ ಕೈ ತೊಳೆದುಕೊಂಡಿತು. ಅಜ್ಜಿ ಗೆದ್ದರೂ ಮೊಮ್ಮಗ ಮಾತು ಕೇಳಬೇಕಲ್ಲ.

ಬಿಸಿಗಾಳಿಯ ಮಾತಿಗೆ ಮತ್ತೆ ಬರುತ್ತೇನೆ, ಮೊದಲು ಮೀಟಿಂಗಿಗೆ ಹೋಗೋಣ. ಇಲ್ಲಿ ಕೆಂಪು ದೀಪ ಹತ್ತಿತು. ಟೀಚರಿಗೆ ಇನ್ನೂ ಅರ್ಧ ಚೀಟಿ ಬಾಕಿ ಇತ್ತು. ಧನ್ಯವಾದ ಹೇಳಿಸಿಕೊಂಡು ಮೂರನೇ ಸಾಲಿನ ಕುರ್ಚಿಗೆ ವಾಪಸ್ ಬಂದು ಕೂತರು. ಬೋರ್ಡು ಮುಂದಿನ ವಿಷಯಕ್ಕೆ ಹೋಯಿತು. ಆಯಸ್ಸಿನ ಲೆಕ್ಕ ಹಾಕುವ ಆಕ್ಚುರಿ ಎದ್ದು ನಿಂತು ಪರದೆಯ ಮೇಲೆ ಒಂದು ಗೆರೆ ತೋರಿಸಿದರು. ಗೆರೆ ಮೇಲಕ್ಕೆ ಹೋಗುತ್ತಿತ್ತು. ಬೋರ್ಡಿನವರ ಮುಖ ಕೆಳಕ್ಕೆ ಬಂತು.

ಪಿಂಚಣಿ ಲೋಕದಲ್ಲಿ ಇದಕ್ಕೆ 'ಲಾಂಗೆವಿಟಿ ರಿಸ್ಕ್' ಅನ್ನುತ್ತಾರೆ. ನಾನು ಕಟ್ಟಿದ ಪದ ಅಲ್ಲ, ಅವರದೇ. ಜಾಸ್ತಿ ದಿನ ಬದುಕುವ ಅಪಾಯ. ಮಾರ್ಕೆಟ್ ಬೀಳುವುದು ಒಂದು ಅಪಾಯ, ಬಡ್ಡಿ ಇಳಿಯುವುದು ಒಂದು ಅಪಾಯ, ನೀವು ಸಾಯದೇ ಇರುವುದು ಇನ್ನೊಂದು ಅಪಾಯ. ಅಂದಾಜು ಮಾಡಿದ್ದಕ್ಕಿಂತ ಹೆಚ್ಚು ವರ್ಷ ಬದುಕಿದರೆ ಹೆಚ್ಚು ವರ್ಷ ಪಿಂಚಣಿ ಕೊಡಬೇಕಲ್ಲ! ಇದರಿಂದ ಪಾರಾಗಲು ಇನ್ಶೂರೆನ್ಸ್ ಥರದ ಒಪ್ಪಂದಗಳೂ ಮಾರುಕಟ್ಟೆಯಲ್ಲಿವೆ. ಅವುಗಳಿಗೆ ಫಂಡುಗಳು ದೊಡ್ಡ ದುಡ್ಡು ತೆರುತ್ತವೆ.

ಸುಮ್ನೆ ಯಾಕೆ ತೆರಬೇಕು? 2022ರ ಬೇಸಿಗೆಯೊಂದರಲ್ಲೇ ಯುರೋಪಿನಲ್ಲಿ ಬಿಸಿಯಿಂದ 61 ಸಾವಿರಕ್ಕೂ ಹೆಚ್ಚು ಜನ ಸತ್ತರು ಅಂತ ಸಂಶೋಧಕರ ಅಂದಾಜು. ಬಹುಪಾಲು ವಯಸ್ಸಾದವರು. ಕಲ್ಲಿದ್ದಲು, ಎಣ್ಣೆ ಉರಿದಷ್ಟೂ ಬಿಸಿ ಜಾಸ್ತಿ. ಬಿಸಿ ಜಾಸ್ತಿಯಾದಷ್ಟೂ ಆ ಗೆರೆ ಕೆಳಗೆ. ಒಂದು ಕಡೆ ಎಣ್ಣೆ ಷೇರಿನ ಡಿವಿಡೆಂಡ್ ಒಳಗೆ ಬರುತ್ತದೆ, ಇನ್ನೊಂದು ಕಡೆ ಪಿಂಚಣಿ ಹೊರಗೆ ಹೋಗುವುದು ನಿಲ್ಲುತ್ತದೆ. ನಾನು ಯಾರ ಮೇಲೂ ಆರೋಪ ಹೊರಿಸುತ್ತಿಲ್ಲ, ಇಂಥದ್ದನ್ನು ಯಾವ ಬೋರ್ಡೂ ಯೋಚಿಸಿರಲಾರದು. ಅಷ್ಟು ದೂರದೃಷ್ಟಿ ಅವರಿಗಿಲ್ಲ ಅಂತಲೇ ತಾನೇ ಇಷ್ಟೊತ್ತು ಹೇಳಿದ್ದು. ಆದರೆ ಲೆಕ್ಕ ಎಷ್ಟು ಚೊಕ್ಕಟವಾಗಿ ಕೂತಿದೆ ನೋಡಿ.

ಆಕ್ಚುರಿ ಹೇಳುತ್ತಿದ್ದರು. "ನಮ್ಮ ಸದಸ್ಯರು, ಅದರಲ್ಲೂ ನಿವೃತ್ತ ಶಿಕ್ಷಕಿಯರು, ನಾವು ಎಣಿಸಿದ್ದಕ್ಕಿಂತ ಜಾಸ್ತಿ ವರ್ಷ ಬದುಕುತ್ತಿದ್ದಾರೆ. ಇದು ಚಿಂತೆಯ ವಿಷಯ."

ಬೋರ್ಡಿನಲ್ಲಿ ಎಲ್ಲರೂ ತಲೆದೂಗಿದರು. ಒಬ್ಬರು ನಿಟ್ಟುಸಿರು ಬಿಟ್ಟರು. ಮೂರನೇ ಸಾಲಿನಲ್ಲಿ ಟೀಚರು ಕನ್ನಡಕ ಏರಿಸಿ ಆ ಗೆರೆಯನ್ನು ಬಹಳ ಹೊತ್ತು ನೋಡಿದರು. ಚೀಟಿಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡು ಎದ್ದರು.

ಬಾಗಿಲ ಹತ್ತಿರ ಮಾತಾಡುವವರ ಹೆಸರು ಬರೆದುಕೊಳ್ಳುವ ಹುಡುಗ ರಿಜಿಸ್ಟರ್ ಹಿಡಿದು ಕೂತಿದ್ದ.

"ಮುಂದಿನ ಮೀಟಿಂಗಿಗೂ ಬರೀಲಾ ಮೇಡಂ?"

"ಬರಿಯಪ್ಪ. 2050ರವರೆಗೂ ಒಟ್ಟಿಗೇ ಬರೆದಿಟ್ಟುಬಿಡು."